ಬಂಗುಡೆ ತಿಂದವರು ದೂರು ಕೊಡಬಹುದೇ?

ಆಸ್ಪತ್ರೆಯ ಮಂಚದಲ್ಲಿ ಕಾಲು ಎತ್ತಿಟ್ಟು ಮಲಗಿದ್ದ ಭಾವ, ಚಹಾ ತಾ ಎಂದು ಅಕ್ಕನನ್ನು ಕ್ಯಾಂಟೀನಿಗೆ ಕಳಿಸಿದರು. ಅವಳು ಮೆಟ್ಟಿಲಿಳಿದು ಹೋಗುವವರೆಗೆ ಕಾದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಬಾಗಿಲು ಹಾಕು."

ಹಾಕಿದೆ. ಅರವತ್ತೆಂಟು ವರ್ಷದ ಮನುಷ್ಯ ಆಸ್ಪತ್ರೆಯಲ್ಲಿ ಬಾಗಿಲು ಹಾಕಿಸಿ ಏನು ಹೇಳಬಹುದು? ಯಾವುದಾದರೂ ಜಾಗದ ತಕರಾರೋ? ಅಥವಾ (ದೇವರೇ) ಅಕ್ಕನಿಗೆ ಗೊತ್ತಿಲ್ಲದ ಇನ್ನೊಂದು ಸಂಸಾರವೋ? ಬಸ್ ಕಂಡಕ್ಟರ್ ಆಗಿದ್ದವರು. ಮೂವತ್ತು ವರ್ಷ ಊರೂರು ತಿರುಗಿದವರು. ಹೇಳಲಿಕ್ಕಾಗುವುದಿಲ್ಲ.

"ನಾನು ಬಂಗುಡೆ ತಿಂದೆ ಮಾರಾಯ," ಅಂದರು ಭಾವ. "ಎರಡು."

ಬರೀ ಎರಡು ಮೀನು! ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಕಣ್ಣಲ್ಲಿ ನೀರಿತ್ತು.

(ನಮ್ಮ ಮಾತೆಲ್ಲ ತುಳುವಿನಲ್ಲೇ. ನಿಮಗೋಸ್ಕರ ಕನ್ನಡ ಮಾಡಿದ್ದೇನೆ. ಅಳುವ ಭಾವನನ್ನು ಯಾವ ಭಾಷೆಗೂ ಅನುವಾದ ಮಾಡಬೇಕಾಗಿಲ್ಲ.)

ವಾಸು ಭಾವ ಅಂದರೆ ನನ್ನ ಅಕ್ಕನ ಗಂಡ. ಮನೆ ಉಜಿರೆಯಲ್ಲಿ. ಮೂಡುಬಿದಿರೆ–ಬೆಳ್ತಂಗಡಿ ಲೈನಿನಲ್ಲಿ ಅವರು ಕಂಡಕ್ಟರ್ ಆಗಿದ್ದಾಗ ಒಬ್ಬನೇ ಒಬ್ಬ ಟಿಕೆಟ್ ಇಲ್ಲದೆ ಇಳಿದದ್ದಿಲ್ಲ. ಸ್ವಂತ ಮಾವನಿಗೂ, ಅಂದರೆ ನನ್ನ ಅಪ್ಪನಿಗೂ, ಮದುವೆಯಾದ ವಾರವೇ ಟಿಕೆಟ್ ಹರಿದುಕೊಟ್ಟವರು. ಅಪ್ಪ ಆ ವಿಷಯ ಸಾಯುವವರೆಗೆ ಹೇಳುತ್ತಿದ್ದರು. ಬೇಸರದಿಂದಲೋ ಹೆಮ್ಮೆಯಿಂದಲೋ ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಭಾವನಿಗೆ ಹತ್ತು ವರ್ಷಗಳಿಂದ ಶುಗರ್ ಉಂಟು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಚೆನ್ನಾಗಿಯೇ ಇದ್ದರು. ಎರಡು ತಿಂಗಳ ಹಿಂದೆ ಬಂಟ್ವಾಳದ ಒಂದು ಸಭಾಭವನದಲ್ಲಿ "ಉಚಿತ ತಪಾಸಣಾ ಶಿಬಿರ" ನಡೆಯಿತು. ಘಟ್ಟದ ಮೇಲಿನಿಂದ ಒಬ್ಬ ಪಂಡಿತರು ಬಂದಿದ್ದರು. (ಘಟ್ಟದ ಮೇಲಿನವರಿಗೆ ಕರಾವಳಿಯಿಂದ ಪಂಡಿತರು ಹೋಗುತ್ತಾರಂತೆ. ದೂರದಿಂದ ಬಾರದ ಮದ್ದಿಗೆ ಎಲ್ಲೂ ಮರ್ಯಾದೆ ಇಲ್ಲ.) ನಾಲಗೆ ನೋಡಿದರು, ಕೈ ಹಿಡಿದರು, ಕಣ್ಣು ಮುಚ್ಚಿದರು. ಮತ್ತೆ ಎರಡು ಡಬ್ಬಿ ಹುಡಿ ಕೊಟ್ಟರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಬೆಳಿಗ್ಗೆ ಬರೀ ಹೊಟ್ಟೆಗೆ. ಸಕ್ಕರೆ ಕಾಯಿಲೆ ಬುಡಸಮೇತ ಹೋಗ್ತದೆ.

ಯಾವ ಸೊಪ್ಪು, ಯಾವ ಬೇರು? ಭಾವ ಕೇಳಿದ್ದಾರೆ. "ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ" ಅಂದರಂತೆ ಪಂಡಿತರು.

ನಮ್ಮೂರಿನವರನ್ನು ಬೀಳಿಸಲು ಇದಕ್ಕಿಂತ ಒಳ್ಳೆಯ ಮಾತು ಇಲ್ಲ. ನಮ್ಮಲ್ಲಿ ಸರ್ಪಸುತ್ತಿಗೆ ಸೊಪ್ಪು ಅರೆದು ಕೊಡುತ್ತಿದ್ದ ಅಜ್ಜಿಯಂದಿರೂ ಹೆಸರು ಹೇಳುತ್ತಿರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡೇ ತರುತ್ತಿದ್ದರು. ಆದರೆ ಆ ಅಜ್ಜಿಯಂದಿರು ವ್ಯಾನಿನಲ್ಲಿ ಬರುತ್ತಿರಲಿಲ್ಲ, ಮೈಕು ಹಿಡಿಯುತ್ತಿರಲಿಲ್ಲ, ಮುಖ್ಯವಾಗಿ "ಡಾಕ್ಟರ ಮಾತ್ರೆ ಬಿಟ್ಟುಬಿಡಿ" ಅನ್ನುತ್ತಿರಲಿಲ್ಲ. ಪಂಡಿತರು ಅಂದರು. ಅದೂ ಬಾಯಲ್ಲಿ ಅಲ್ಲ, ಪಥ್ಯದ ಪಟ್ಟಿಯಲ್ಲಿ.

ಪಥ್ಯ! ಈ ಕಥೆಯ ನಿಜವಾದ ಕಳ್ಳ ಅದು.

ಡಬ್ಬಿಯ ಜೊತೆ ಒಂದು ಹ್ಯಾಂಡ್‌ಬಿಲ್. ಹಿಂದಿನ ಪುಟದಲ್ಲಿ ಇಪ್ಪತ್ತೆರಡು ಪಥ್ಯ. ಬದನೆ ಇಲ್ಲ, ನುಗ್ಗೆ ಇಲ್ಲ, ಹರಿವೆ ಇಲ್ಲ. ಹುಳಿ ಇಲ್ಲ, ಮಜ್ಜಿಗೆ ಇಲ್ಲ, ಕಾಫಿ ಇಲ್ಲ. ಹಗಲು ಮಲಗಬಾರದು. ಸಾವಿನ ಮನೆಯಲ್ಲಿ ನೀರು ಕುಡಿಯಬಾರದು. ಕೋಪ ಮಾಡಬಾರದು. ಹದಿನೇಳನೆಯದು, ಇಂಗ್ಲಿಷ್ ಮದ್ದು ಪೂರ್ತಿ ವರ್ಜ್ಯ. ಹದಿನೆಂಟನೆಯದು, ಮೀನು.

ನೋಡಿ, ಯಾವುದರ ಪಕ್ಕದಲ್ಲಿ ಯಾವುದನ್ನು ಕೂರಿಸಿದ್ದಾನೆ. ದಕ್ಷಿಣ ಕನ್ನಡದವನೊಬ್ಬ ಆ ಪಟ್ಟಿ ಓದುವಾಗ ಹದಿನೆಂಟನೆಯದಕ್ಕೆ ಬಂದು ಎದೆ ಒಡೆದುಕೊಳ್ಳುತ್ತಾನೆ. ಹದಿನೇಳನೆಯದು ಕಣ್ಣಿಗೇ ಬೀಳುವುದಿಲ್ಲ. ನಲವತ್ತೆಂಟು ದಿನ ಮೀನಿಲ್ಲದೆ! ಇಷ್ಟು ಕಷ್ಟದ ಪಥ್ಯ ಇರುವ ಮದ್ದು ಸುಳ್ಳಾಗಲು ಸಾಧ್ಯವೇ?

ಭಾವ ಮಾತ್ರೆಯನ್ನು ಮೊದಲ ದಿನವೇ ಬಿಟ್ಟರು. ಮೀನನ್ನು ಇಪ್ಪತ್ತಾರು ದಿನ ಬಿಟ್ಟರು. ಇಪ್ಪತ್ತೇಳನೇ ದಿನ ಮಗಳು ಅಳಿಯ ಬಂದರು. ಅಕ್ಕ ಬಂಗುಡೆ ಪುಳಿಮುಂಚಿ, ಅಂದರೆ ಹುಳಿ ಖಾರದ ಸಾರು, ಮಾಡಿದಳು. ಊಟ ಮುಗಿಸಿ ಎಲ್ಲರೂ ಚಾವಡಿಯಲ್ಲಿ ಕೂತಿದ್ದಾಗ ಭಾವ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ ಉಂಟಲ್ಲ, ಇಲ್ಲಿ ರೋಗಿ ಬಯಸಿದ್ದೂ ಬಂಗುಡೆ, ವೈದ್ಯ ಬೇಡ ಅಂದದ್ದೂ ಬಂಗುಡೆ.

ಅದಾಗಿ ಸ್ವಲ್ಪ ದಿನಕ್ಕೆ ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಕಿರುಬೆರಳಿಗೆ ಗಾಯ ಆಯಿತು. ಒಣಗಲಿಲ್ಲ. ಕಪ್ಪಾಯಿತು. ಭಾವ ಯಾರಿಗೂ ಹೇಳಲಿಲ್ಲ. ಹೇಳಿದರೆ ಬಂಗುಡೆಯ ವಿಷಯ ಹೊರಗೆ ಬರುತ್ತದಲ್ಲ! ವಾಸನೆ ಬರಲು ಶುರುವಾದ ಮೇಲೆ ಅಕ್ಕ ಹಠ ಹಿಡಿದು ಆಸ್ಪತ್ರೆಗೆ ಕರೆತಂದಳು. ಶುಗರ್ ನೋಡಿದ ಡಾಕ್ಟರರು ಮೀಟರನ್ನು ಒಮ್ಮೆ ಕೊಡವಿ ಪುನಃ ನೋಡಿದರಂತೆ. ಬೆರಳು ಉಳಿಯುವುದು ಅನುಮಾನ, ಇನ್ನೊಂದು ವಾರ ಬಿಟ್ಟಿದ್ದರೆ ಪಾದ ಅಂದರು.

ಇಷ್ಟಾದರೂ ಭಾವ ಬೈದದ್ದು ಯಾರನ್ನು? ತನ್ನ ನಾಲಗೆಯನ್ನು.

"ಹುಡಿಯದ್ದು ತಪ್ಪಿಲ್ಲ. ನಾನೇ ಪಥ್ಯ ತಪ್ಪಿದ್ದು. ನಿನ್ನಕ್ಕನಿಗೆ ಹೇಳಬೇಡ."

ಅಷ್ಟರಲ್ಲಿ ಅಕ್ಕ ಬಾಗಿಲು ತಳ್ಳಿ, ಚಹಾ ಹಿಡಿದುಕೊಂಡು ನಿಂತಿದ್ದಳು. "ಏನು ಹೇಳುವುದು ಬೇಡ? ಬಂಗುಡೆಯದ್ದಾ?" ಅಂದಳು. "ಪಾತ್ರೆಯಲ್ಲಿ ಎಷ್ಟಿತ್ತು ಅಂತ ಮಾಡಿದವಳಿಗೆ ಗೊತ್ತಿರುವುದಿಲ್ಲವಾ?"

ಭಾವ ಗೋಡೆ ಕಡೆ ತಿರುಗಿದರು.

ಮತ್ತೆ ಅವಳು ಯಾಕೆ ಸುಮ್ಮನಿದ್ದಳು? ಕೇಳಿದೆ. "ಪಥ್ಯದವರು ಇರುವ ಮನೆಯಲ್ಲಿ ಪುಳಿಮುಂಚಿ ಮಾಡಿದವಳು ನಾನೇ ಅಲ್ವಾ?" ಅಂದಳು. ನೋಡಿ ಚಂದ. ತಿಂದದ್ದು ತನ್ನ ತಪ್ಪು ಅಂತ ಗಂಡ, ಮಾಡಿದ್ದು ತನ್ನ ತಪ್ಪು ಅಂತ ಹೆಂಡತಿ. ಒಂದೇ ಮನೆಯಲ್ಲಿ ಇಬ್ಬರೂ ಬಾಯಿ ಮುಚ್ಚಿಕೊಂಡು ಒಂದು ಬೆರಳು ಕಪ್ಪಾಗುವುದನ್ನು ನೋಡುತ್ತಾ ಕೂತಿದ್ದರು. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು.

"ದೂರು ಕೊಡುವ," ಅಂದೆ.

"ಹೇಗೆ ಕೊಡುವುದು?" ಭಾವ ಎದ್ದು ಕೂತರು. "ಟಿಕೆಟ್ ತೆಗೆಯದೆ ಬಸ್ಸು ಹತ್ತಿದವ ಬಸ್ಸಿನ ಮೇಲೆ ದೂರು ಕೊಡ್ಲಿಕ್ಕಾಗ್ತದಾ? ಅವ ಕೇಳ್ತಾನೆ, ನೀವು ಪಥ್ಯ ಮಾಡಿದ್ದೀರಾ ಅಂತ. ನಾನು ಸುಳ್ಳು ಹೇಳಬೇಕಾ?"

ಎಂಥ ವ್ಯಾಪಾರ ನೋಡಿ. ಫ್ರಿಜ್ಜಿಗೆ ವಾರಂಟಿ ಕಾರ್ಡು ಕೊಡುವವರು ಕೂಡ ಇಪ್ಪತ್ತೆರಡು ಷರತ್ತು ಹಾಕುವುದಿಲ್ಲ. ಯಾರಿಂದಲೂ ಪಾಲಿಸಲಿಕ್ಕಾಗದ ಪಟ್ಟಿ ಕೊಡು. ಪ್ರತಿಯೊಬ್ಬನೂ ಎಲ್ಲೋ ಒಂದು ಕಡೆ ಜಾರುತ್ತಾನೆ. ಒಬ್ಬ ಕಾಫಿಗೆ, ಒಬ್ಬ ಮಧ್ಯಾಹ್ನದ ನಿದ್ದೆಗೆ, ಒಬ್ಬ ಹೆಂಡತಿಯ ಮೇಲಿನ ಕೋಪಕ್ಕೆ. ಆಮೇಲೆ ಗುಣವಾಗಲಿಲ್ಲ ಎಂದು ಕೇಳಲು ಯಾರಿಗೆ ಮುಖ ಉಂಟು? ಮೋಸ ಮಾಡಿದವ ಆರಾಮವಾಗಿರುತ್ತಾನೆ, ಮೋಸ ಹೋದವ ತಲೆ ತಗ್ಗಿಸುತ್ತಾನೆ.

"ಆ ಹ್ಯಾಂಡ್‌ಬಿಲ್ ಉಂಟಾ?" ಅಕ್ಕನನ್ನು ಕೇಳಿದೆ. ಬ್ಯಾಗಿನಿಂದ ತೆಗೆದು ಕೊಟ್ಟಳು.

ಹಳದಿ ಕಾಗದ. ಕೆಂಪು ಅಕ್ಷರ. ಎರಡೂ ಬದಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಯಾಕೆ ಸಿಗುವುದಿಲ್ಲ? ಈ ಅಂಕಣಕ್ಕೆ ನನ್ನ ಹೊಟ್ಟೆ ತುಂಬುವುದಿಲ್ಲ ಎಂದು ನಿಮಗೆ ಗೊತ್ತಲ್ಲ. ಮೂಡುಬಿದಿರೆಯಲ್ಲಿ ನನಗೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಉಂಟು. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ನೋಟೀಸು. ಮತ್ತೆ ಆಗಾಗ ಹ್ಯಾಂಡ್‌ಬಿಲ್. ಹಿಂದಿನ ಪುಟದ ಕಟ್ಟಕಡೆಗೆ, ಕನ್ನಡಕ ಹಾಕದವರಿಗೆ ಕಾಣದಷ್ಟು ಸಣ್ಣದಾಗಿ, "ಮುದ್ರಣ" ಎಂದು ಬರೆದು ಅದರ ಮುಂದೆ ಒಂದು ಹೆಸರಿತ್ತು. (ಹೆಸರು ಇಲ್ಲಿ ಬರೆಯುವುದಿಲ್ಲ. ಇಷ್ಟು ದಿನ ಜಾಹೀರಾತಾಗುತ್ತದೆ ಅಂತ ಬರೆದಿರಲಿಲ್ಲ. ಈಗ ಕಾರಣ ಬೇರೆ.)

ಹ್ಯಾಂಡ್‌ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದೆ. "ಭಾವ ಹೇಳುವುದೂ ಸರಿಯೇ. ಮೊದಲು ಕಾಲು ನೋಡುವ. ದೂರು ಆಮೇಲೆ," ಅಂದೆ. ನಿಜ ಹೇಳಬೇಕೆಂದರೆ ಭಾವ ಬೇಡ ಅಂದದ್ದು ನನಗೆ ಒಳಗೊಳಗೆ ಹಾಯೆನಿಸಿತ್ತು. ನಾಚಿಕೆಯಾಗುತ್ತದೆ, ಆದರೆ ಹಾಯೆನಿಸಿದ್ದು ಹೌದು.

ಮರುದಿನ ಬೆರಳು ತೆಗೆದರು.

ಥಿಯೇಟರಿನಿಂದ ಜನರಲ್ ವಾರ್ಡಿಗೆ ತಂದಾಗ ಭಾವ ನಮ್ಮಿಬ್ಬರ ಮುಖ ನೋಡಿ "ಇನ್ನೂ ಒಂಬತ್ತು ಉಂಟಲ್ಲ, ಯಾಕೆ ಅಳ್ತೀರಿ?" ಅಂದರು. ಅಕ್ಕ ಅಳುತ್ತಲೇ ನಕ್ಕಳು. ನನಗೆ ನಗಲಿಕ್ಕಾಗಲಿಲ್ಲ. ಜೇಬಿನಲ್ಲಿ ಆ ಕಾಗದ ಇನ್ನೂ ಇತ್ತು.

ಅದರ ಮಾರನೇ ದಿನ ಬೆಳಿಗ್ಗೆ ಒಂದು ಫೋನ್ ಬಂತು. ಹಸನಬ್ಬರದ್ದು. ಭಾವ ಕಂಡಕ್ಟರ್ ಆಗಿದ್ದ ಬಸ್ಸಿಗೆ ಅವರು ಡ್ರೈವರ್. ಒಂದೇ ಬಸ್ಸಿನಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷ. ಒಬ್ಬರು ವಿಸಿಲ್ ಹೊಡೆದರೆ ಇನ್ನೊಬ್ಬರು ಬ್ರೇಕು. ಅವರಿಗೂ ಶುಗರ್ ಉಂಟು. ಭಾವನ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಹಾಕಿಯೇ ಮಾತು.

"ವಾಸು, ಆ ಪಂಡಿತರು ಬರುವ ಆದಿತ್ಯವಾರ ಮೂಡುಬಿದಿರೆಗೆ ಬರ್ತಾರಂತೆ. ನೀನು ಹುಡಿ ತೆಕ್ಕೊಂಡಿದ್ದೀಯಲ್ಲ, ಹೇಗುಂಟು? ನೀನು ಆಗ್ತದೆ ಅಂದ್ರೆ ನಾನೂ ಮಾತ್ರೆ ಬಿಡ್ತೇನೆ."

ಭಾವ ಬ್ಯಾಂಡೇಜು ಕಟ್ಟಿದ ಕಾಲನ್ನೇ ನೋಡುತ್ತಿದ್ದರು. ಆಸ್ಪತ್ರೆಯಲ್ಲಿದ್ದೇನೆಂದು ಅವರು ಯಾರಿಗೂ ತಿಳಿಸಿರಲಿಲ್ಲ.

"ಬೇಡ ಹಸನಬ್ಬ," ಅಂದರು ಕೊನೆಗೆ. "ನಿಲ್ಲಿಸು. ಮಾತ್ರೆ ಬಿಡಬೇಡ." ಮತ್ತೆ ಬೆರಳಿನ ವಿಷಯ ಹೇಳಿದರು. ಅದಕ್ಕಿಂತ ಸಣ್ಣ ಸ್ವರದಲ್ಲಿ ಬಂಗುಡೆಯ ವಿಷಯ. "ಹುಡಿ ಒಳ್ಳೆಯದೇ ಇರಬಹುದು. ನಾನು ತಿಂದದ್ದಕ್ಕೆ ಹೀಗಾದದ್ದೋ ಏನೋ."

ಆ ಕಡೆಯಿಂದ ಹಸನಬ್ಬರ ಸ್ವರ ಇಡೀ ವಾರ್ಡಿಗೆ ಕೇಳಿಸಿತು.

"ಎಂಥ ಮಂಡೆ ನಿನ್ನದು? ಬಂಗುಡೆ ತಿಂದ್ರೆ ಕಾಲು ಕೊಳೆಯುವುದಾದ್ರೆ ಮಂಗಳೂರಲ್ಲಿ ಯಾರಿಗೆ ಕಾಲು ಇರ್ತಿತ್ತು ಮಾರಾಯ?"

ಪಕ್ಕದ ಮಂಚದವರು ನಕ್ಕರು. ನರ್ಸ್ ನಕ್ಕಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ಮಾತ್ರ ಹೊಸ ಸುದ್ದಿ ಕೇಳಿದವರ ಹಾಗೆ ಕೂತಿದ್ದರು. ಡಾಕ್ಟರರು ಎರಡು ದಿನದಿಂದ ಅದನ್ನೇ ಹೇಳುತ್ತಿದ್ದರು, ಆದರೆ ಅವರು ಇನ್ಸುಲಿನ್, ರಕ್ತಸಂಚಾರ ಅಂತೆಲ್ಲ ಹೇಳುತ್ತಿದ್ದರು. ಭಾವನ ತಲೆಗೆ ಹೋದದ್ದು ಡ್ರೈವರನ ಮಾತು.

ಫೋನ್ ಇಟ್ಟವರೇ ನನ್ನ ಕಡೆ ತಿರುಗಿದರು. "ಪೆನ್ನು ತೆಗೆ."

ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ತೆಗೆದೆ.

"ಮೊದಲು ಬರಿ. 'ಪಥ್ಯದ ಸಮಯದಲ್ಲಿ ನಾನು ಎರಡು ಬಂಗುಡೆ ಮೀನು ತಿಂದಿರುವುದು ನಿಜ.'"

"ದೂರಿನಲ್ಲಿ ಅದೆಲ್ಲ ಯಾಕೆ ಭಾವ?"

"ಅವ ಹೇಳುವ ಮೊದಲು ನಾನೇ ಹೇಳಿದ್ರೆ, ಮತ್ತೆ ಅವನಿಗೆ ಹೇಳ್ಲಿಕ್ಕೆ ಎಂಥ ಉಂಟು?"

ಬುದ್ಧಿವಂತ ಮಾತು. ನನಗೂ ಅನ್ವಯಿಸುವ ಮಾತು. ನಾನು ಮಾತ್ರ ಕೇಳದವನ ಹಾಗೆ ಬರೆಯುತ್ತಾ ಹೋದೆ. ಕೆಳಗೆ ಭಾವ ದೊಡ್ಡದಾಗಿ ಸಹಿ ಹಾಕಿದರು.

ಸಾಕ್ಷಿಗೆ ಡಬ್ಬಿ ಬೇಕಲ್ಲ? ಅಲ್ಲೊಂದು ಎಡವಟ್ಟು. ಡಬ್ಬಿ ಚಂದ ಉಂಟು ಅಂತ ಅಕ್ಕ ಉಳಿದ ಹುಡಿಯನ್ನು ಬಾಳೆಬುಡಕ್ಕೆ ಚೆಲ್ಲಿ, ತೊಳೆದು, ಅದರಲ್ಲಿ ಜೀರಿಗೆ ತುಂಬಿಸಿ ಆಗಿತ್ತು. ಪುಣ್ಯಕ್ಕೆ ಎರಡನೇ ಡಬ್ಬಿ ಸೀಲು ಒಡೆಯದೆ ಕಪಾಟಿನಲ್ಲಿತ್ತು. (ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಚೆಲ್ಲಬೇಡಿ. ಹುಡಿ, ಲೇಬಲ್ಲು, ಕಾಗದ, ರಶೀದಿ ಏನಿದೆಯೋ ಎಲ್ಲ ಹಾಗೇ ಇಡಿ. ಜೀರಿಗೆಗೆ ಬೇರೆ ಡಬ್ಬಿ ಸಿಗುತ್ತದೆ.)

ಅದನ್ನೆಲ್ಲ ಹಿಡಿದುಕೊಂಡು ಬೆಳ್ತಂಗಡಿಗೆ ಹೋದೆ. ತಾಲೂಕಿನ ಆರೋಗ್ಯ ಕಚೇರಿಯಲ್ಲಿ ಒಬ್ಬರು ದೂರನ್ನು ಪೂರ್ತಿ ಓದಿದರು. ಬಂಗುಡೆಯ ಸಾಲಿಗೆ ಬಂದಾಗ ಮೀಸೆಯಲ್ಲಿ ನಕ್ಕರು. ಡಬ್ಬಿ ಇಟ್ಟುಕೊಂಡು ರಶೀದಿ ಕೊಟ್ಟರು. ಇದು ಔಷಧ ನಿಯಂತ್ರಣದವರಿಗೆ ಹೋಗ್ತದೆ, ಅವರೇ ಬರ್ತಾರೆ ಅಂದರು.

"ಹುಡಿ ಒಳ್ಳೆಯದಾ ಕೆಟ್ಟದಾ ಎಂದು ಲ್ಯಾಬಿನವರು ಹೇಳ್ತಾರೆ ಸಾರ್. ಆದರೆ ಶುಗರ್ ಗುಣ ಮಾಡ್ತೇವೆ ಅಂತ ಜಾಹೀರಾತು ಹಾಕುವುದೇ ಕಾನೂನಿನಲ್ಲಿ ತಪ್ಪು. ಹಾಕಿಸಿದವನದ್ದೂ ತಪ್ಪು, ಹಾಕಿದವನದ್ದೂ ತಪ್ಪು."

"ಹಾಕಿದವ ಅಂದ್ರೆ?"

"ಪ್ರಿಂಟ್ ಮಾಡಿದವನೂ ಬರ್ತಾನೆ ಅದರಲ್ಲಿ. ಹ್ಯಾಂಡ್‌ಬಿಲ್ ತಂದಿದ್ದೀರಾ?"

ಮೂವತ್ತೈದು ವರ್ಷದಿಂದ ಪ್ರೆಸ್ ನಡೆಸುತ್ತಿದ್ದೇನೆ. ಇದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತಲೂ ಅನಿಸಿರಲಿಲ್ಲ. ಮನೆಯಲ್ಲಿ ಉಂಟು, ಫೋಟೋ ಕಳಿಸ್ತೇನೆ ಅಂದೆ. ಹ್ಯಾಂಡ್‌ಬಿಲ್ ಆಗಲೂ ಜೇಬಿನಲ್ಲೇ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ ಕೂತು ಫೋಟೋ ತೆಗೆದೆ. ಎದುರಿನ ಪುಟ ಒಂದು, ಹಿಂದಿನ ಪುಟ ಒಂದು. ವಾಟ್ಸಾಪ್ ಮಾಡಿದೆ. ಐದು ನಿಮಿಷದಲ್ಲಿ ಉತ್ತರ ಬಂತು. "ಸಾರ್, ಎರಡನೇದರಲ್ಲಿ ಕೆಳಗೆ ನಿಮ್ಮ ಬೆರಳು ಅಡ್ಡ ಬಂದಿದೆ. ಇನ್ನೊಮ್ಮೆ ಕಳಿಸಿ."

ಅಡ್ಡ ಬಂದದ್ದಲ್ಲ. ಇಟ್ಟದ್ದು.

ಭಾವನ ಬೆರಳು ಹೋಗಿ ಮೂರು ದಿನ ಆಗಿತ್ತು. ನಾನು ನನ್ನ ಬೆರಳಿನಿಂದ ಅರ್ಧ ಇಂಚು ಜಾಗ ಮುಚ್ಚಿಕೊಂಡು ಕೂತಿದ್ದೆ. ಎದುರಿಗೆ ಮೂಡುಬಿದಿರೆ ಬಸ್ಸು ನಿಂತಿತ್ತು, ಹೊಸ ಕಂಡಕ್ಟರ್ ಯಾರೋ ಕೂಗುತ್ತಿದ್ದ. ಆದಿತ್ಯವಾರಕ್ಕೆ ಇನ್ನು ಎಷ್ಟು ದಿನ ಎಂದು ಲೆಕ್ಕ ಹಾಕಿದೆ. ಎರಡು. ನನ್ನ ಊರಿನಲ್ಲೇ, ನನ್ನ ಹ್ಯಾಂಡ್‌ಬಿಲ್ ಹಿಡಿದುಕೊಂಡು ಎಷ್ಟು ಹಸನಬ್ಬಂದಿರು ಬರಬಹುದು? ಕಾಗದವನ್ನು ತೊಡೆಯ ಮೇಲೆ ಚಪ್ಪಟೆಯಾಗಿ ಹಾಸಿ ಮತ್ತೊಂದು ಫೋಟೋ ತೆಗೆದು ಕಳಿಸಿದೆ.

ಶಿಬಿರ ನಡೆಯಲಿಲ್ಲ. ಶನಿವಾರವೇ ಸಭಾಭವನದವರಿಗೆ ಫೋನ್ ಹೋಗಿತ್ತಂತೆ. ವ್ಯಾನು ಬರಲಿಲ್ಲ, ಪಂಡಿತರ ನಂಬರು ಈಗ ಸ್ವಿಚ್ ಆಫ್. ಹಸನಬ್ಬರು ಮಾತ್ರೆ ತಿನ್ನುತ್ತಿದ್ದಾರೆ, ಮೀನೂ ತಿನ್ನುತ್ತಿದ್ದಾರೆ. ಲ್ಯಾಬಿನ ವರದಿ ಇನ್ನೂ ಬಂದಿಲ್ಲ.

ಮೊನ್ನೆ ಔಷಧ ನಿಯಂತ್ರಣದ ಅಧಿಕಾರಿ ಉಜಿರೆಯ ಮನೆಗೇ ಬಂದರು. ಸಣ್ಣ ಪ್ರಾಯದ ಮೇಡಂ. ಭಾವ ಕಾಲನ್ನು ಸ್ಟೂಲಿನ ಮೇಲಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೇಳಿಕೆ ಕೊಡಲು ಕೂತರು. ನಾನು ಪಕ್ಕದ ಕುರ್ಚಿಯಲ್ಲಿ. ಪ್ರೆಸ್ಸಿನ ವಿಷಯವನ್ನು ನಾನೇ ಮೊದಲು ಹೇಳಿಬಿಡಬೇಕೆಂದು ಮೂಡುಬಿದಿರೆಯಿಂದ ಅಲ್ಲಿಯವರೆಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಭಾವನಿಗೆ ಅಷ್ಟು ಸಣ್ಣ ಅಕ್ಷರ ಕಂಡಿರಲಿಕ್ಕಿಲ್ಲ, ಅವರಿಗೂ ಇವತ್ತೇ ಗೊತ್ತಾಗುತ್ತದೆ, ಬೇಜಾರು ಮಾಡಿಕೊಳ್ಳುತ್ತಾರೋ ಏನೋ ಎಂದೆಲ್ಲ ಯೋಚನೆ.

ಮೇಡಂ ಬರೆದುಕೊಳ್ಳುತ್ತಾ ಕೇಳಿದರು. "ನೀವು ಹತ್ತು ವರ್ಷ ಡಾಕ್ಟರ ಮಾತು ಕೇಳಿದವರು. ಗುರುತು ಪರಿಚಯ ಇಲ್ಲದ ಇವನನ್ನು ಯಾಕೆ ನಂಬಿದ್ರಿ?"

"ಅವನನ್ನು ಯಾರು ನಂಬಿದ್ದು?" ಅಂದರು ಭಾವ. "ಕೆಳಗೆ ನೋಡಿ ಮೇಡಂ. ನಮ್ಮ ಸುರೇಶನ ಪ್ರೆಸ್ಸು. ಇವ ಪೇಪರಿಗೆ ಬರೆಯುವವ, ನಾಲ್ಕು ಜನ ಓದ್ತಾರೆ. ಸುಳ್ಳಾದ್ರೆ ಇವ ಪ್ರಿಂಟ್ ಮಾಡ್ತಿರ್ಲಿಲ್ಲ."

ಕೋಪ ಇರಲಿಲ್ಲ ಅದರಲ್ಲಿ. ಕುಟುಕುವುದೂ ಇರಲಿಲ್ಲ. ಹೆಮ್ಮೆ ಇತ್ತು. ಅಷ್ಟು ದಿನವೂ ಗೊತ್ತಿತ್ತು ಅವರಿಗೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

ಮೇಡಂ ನನ್ನ ಕಡೆ ತಿರುಗಿದರು. ಮೊದಲು ಹ್ಯಾಂಡ್‌ಬಿಲ್ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಪ್ರಿಂಟ್ ಮಾಡುವ ಮೊದಲು ಇದನ್ನು ಓದಿದ್ರಾ?"

"ಓದಿದ್ದೇನೆ ಮೇಡಂ. ಎರಡು ಸಲ. ಪ್ರೂಫ್ ನೋಡುವುದು ನಾನೇ."

"ತಪ್ಪೇನೂ ಕಾಣಲಿಲ್ವಾ?"

ಕಂಡಿತ್ತು. ಮಧುಮೇಹದ 'ಧ'ಕ್ಕೆ ಹೊಟ್ಟೆ ಸೀಳಿರಲಿಲ್ಲ. ನಾನೇ ಸೀಳಿ ಕೊಟ್ಟಿದ್ದೆ.